ಲಾಳ ಹೊಡೆಸುವ ಮೊದಲು ಕಾಲೆತ್ತಿ ನೋಡಿ

ಪುಣೆಯಿಂದ ಮುಳಶಿಗೆ ಹೋಗುವ ದಾರಿಯಲ್ಲಿ, ಪಿರಂಗುಟದ ಕಡೆ ನಮ್ಮ ಲಾಯ. ಆರು ಕುದುರೆ. ಎರಡಕ್ಕೆ ನಾಲ್ಕೂ ಕಾಲಿಗೆ ಲಾಳ, ಒಂದಕ್ಕೆ ಮುಂಗಾಲಿಗೆ ಮಾತ್ರ, ಉಳಿದ ಮೂರಕ್ಕೆ ಬರಿಗಾಲು. ಹೊಸದಾಗಿ ಕುದುರೆ ಕೊಂಡವರು ನೋಡಿ, "ಯಾವುದು ಸರಿ, ಅಣ್ಣಾ?" ಎನ್ನುತ್ತಾರೆ.

ನಮ್ಮಪ್ಪ ವಿಜಯಪುರದ ಕಡೆ ಸಂತೆಗಳಲ್ಲಿ ಎತ್ತುಗಳಿಗೆ ನಾಲು, ಅಂದರೆ ಲಾಳ, ಕಟ್ಟುತ್ತಿದ್ದ. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡೆರಡು ತುಂಡು. ಎತ್ತನ್ನು ಕೆಡವುವ ಮುಂಚೆ, ಅದು ಎಲ್ಲಿ ದುಡಿಯುತ್ತದೆ ಎಂದು ಕೇಳುತ್ತಿದ್ದ. ಎರೆಹೊಲ ಬಿಟ್ಟು ಆಚೆ ಹೋಗದ ಎತ್ತಾದರೆ, "ಸುಮ್ನ ಯಾಕ ಮೊಳಿ ಹೊಡಸ್ತಿ ತಮ್ಮಾ, ಗಾಡಿ ಕಟ್ಟಿ ಡಾಂಬರಕ್ಕ ಇಳದಾಗ ಬಾ" ಎಂದು ತಿರುಗಿ ಕಳಿಸುತ್ತಿದ್ದ. ಕುದುರೆಗೂ ಅಲ್ಲಿಂದಲೇ ಶುರು ಮಾಡಿ.

ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಕೂದಲು ಮುಗಿಯುವ ಅಂಚಿನಿಂದ ಗೊರಸಿನ ಮುಂತುದಿಯವರೆಗೆ ಟೇಪು ಹಿಡಿದು ಅಳೆದು ಬರೆದಿಡಿ. ನಾಲ್ಕು ವಾರ ಕತ್ತರಿಸದೆ ಬಿಟ್ಟು ಮತ್ತೆ ಅಳೆಯಿರಿ. ಹೆಚ್ಚಾಗಿದ್ದರೆ ಆ ಕುದುರೆ ಬರಿಗಾಲಲ್ಲಿ ಬಾಳಬಲ್ಲದು. ಐದಾರು ವಾರಕ್ಕೊಮ್ಮೆ ಕತ್ತರಿಸಿ ಅರ ಹಾಕಿಸಿದರೆ ಸಾಕು. ಕಡಿಮೆಯಾಗಿದ್ದರೆ ನೆಲ ಅದರ ಕಾಲನ್ನು ತಿನ್ನುತ್ತಿದೆ, ಲಾಳ ಬೇಕು.

ಅಳತೆಯೊಂದನ್ನೇ ನಂಬಬೇಡಿ. ಹಗ್ಗ ಸಡಿಲ ಬಿಟ್ಟು ಮೊದಲು ಗಟ್ಟಿ ನೆಲದಲ್ಲಿ, ಆಮೇಲೆ ಗರಸಿನ ದಾರಿಯಲ್ಲಿ ನಡೆಸಿ. ಗರಸಿಗೆ ಬಂದ ಕೂಡಲೇ ಹೆಜ್ಜೆ ಚಿಕ್ಕದಾಗಿ, ಹುಲ್ಲಿನ ಅಂಚಿಗೆ ಎಳೆಯುತ್ತದೆಯೇ? ಹಿಮ್ಮಡಿಯ ಬದಲು ಮುಂತುದಿ ಮೊದಲು ಊರುತ್ತದೆಯೇ? ಹಾಗಿದ್ದರೆ ಅಂಗಾಲು ನೋಯುತ್ತಿದೆ. ಗೊರಸು ಬಿಸಿಯಾಗಿದ್ದು, ಮೇಲಿನ ನಾಡಿ ಜೋರಾಗಿ ಬಡಿಯುತ್ತಿದ್ದರೆ ಅದು ಲಾಳದ ಮಾತೇ ಅಲ್ಲ, ಅದೇ ದಿನ ಡಾಕ್ಟರನ್ನು ಕರೆಸಿ.

ರೇಸಿನಿಂದ ನಿವೃತ್ತಿಯಾದ ಕುದುರೆಗಳ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಎಳೆತನದಿಂದ ಲಾಳದಲ್ಲೇ ಇದ್ದ ಹೆಣ್ಣು ಕುದುರೆ, ತೆಳು ಅಂಗಾಲು. ಏಪ್ರಿಲ್‌ನಲ್ಲಿ ನಾಲ್ಕೂ ಲಾಳ ಕೀಳಿಸಿ ಮರುದಿನವೇ ಗುಡ್ಡದ ದಾರಿ ಹಿಡಿಸಿದೆ. ಸಂಜೆಗೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿತ್ತು. ಆ ನಿಲುವು ಈಗಲೂ ಕಣ್ಣಿಗೆ ಕಟ್ಟಿದೆ. ಲಾಳ ತೆಗೆಸಿದರೆ ಮೆತ್ತನೆ ನೆಲದಲ್ಲಿ ತಿಂಗಳುಗಟ್ಟಲೆ ಬಿಡುವು ಕೊಡಬೇಕು. ಮೇಲಿನಿಂದ ಮುಂತುದಿಯವರೆಗೆ ಹೊಸ ಗೊರಸು ಬರಲು ಹೆಚ್ಚೂಕಡಿಮೆ ಒಂದು ವರ್ಷ ಬೇಕು. ಅಷ್ಟು ಕಾಯಲಾಗದಿದ್ದರೆ ತೆಗೆಸಬೇಡಿ. ನಾನು ಅದರ ಮುಂಗಾಲಿಗೆ ಮತ್ತೆ ಲಾಳ ಹೊಡೆಸಿದೆ. ಕುದುರೆಯ ತೂಕದಲ್ಲಿ ಶೇ. 60ರಷ್ಟು ಬೀಳುವುದು ಮುಂಗಾಲಿನ ಮೇಲೆ. ಹಿಂಗಾಲು ಬರಿದಾಗಿಯೇ ಚೆನ್ನಾಗಿದೆ.

ಹೊಡೆಸುವುದಾದರೆ ಪಕ್ಕದಲ್ಲೇ ನಿಂತು ನೋಡಿ. ಕಾಲೆತ್ತಿದಾಗ ಗೊರಸಿನ ಗೋಡೆ ಅಂಗಾಲಿಗೆ ಸೇರುವಲ್ಲಿ ಒಂದು ಬಿಳಿ ಗೆರೆ ಕಾಣುತ್ತದೆ. ಮೊಳೆ ಅದರ ಹೊರಗೇ ಹೋಗಬೇಕು, ಒಳಗೆ ಜೀವವಿದೆ. ಗೊರಸಿಗೆ ತಕ್ಕಂತೆ ಲಾಳ ಬಡಿದು ಹೊಂದಿಸುವ ನಾಲಬಂದನಿಗೆ ಹತ್ತು ರೂಪಾಯಿ ಹೆಚ್ಚೇ ಕೊಡಿ. ಲಾಳಕ್ಕೆ ತಕ್ಕಂತೆ ಗೊರಸನ್ನು ಉಜ್ಜುವವನನ್ನು ಮತ್ತೆ ಕರೆಯಬೇಡಿ. ಲಾಳ ಸವೆಯದಿದ್ದರೂ ಒಳಗೆ ಗೊರಸು ಬೆಳೆಯುತ್ತದೆ, ಹಾಗಾಗಿ ಐದಾರು ವಾರಕ್ಕೆ ಬಿಚ್ಚಿ ಕತ್ತರಿಸಲೇಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆಯ ಮಳೆ ನಿಮಗೆ ಗೊತ್ತು. ನೆನೆದ ಗೊರಸು ಮೆತ್ತಗಾಗಿ ಮೊಳೆಯ ತೂತು ದೊಡ್ಡದಾಗುತ್ತದೆ. ಬೆಳಿಗ್ಗೆ ಪ್ರತಿ ಕಾಲೆತ್ತಿ ಕೆಸರು ಕೆದರಿ, ಮೂಗು ಹತ್ತಿರ ತನ್ನಿ. ಅಂಗಾಲಿನ ನಡುವಿನ ಮುಕ್ಕೋನದ ಮೆತ್ತನೆ ಭಾಗದ ಪಕ್ಕ ಕರಿ ಕೀವು, ಕೊಳೆತ ವಾಸನೆ ಇದ್ದರೆ ಅದು ಕೊಳೆರೋಗ, ಲಾಳವಿರಲಿ ಬಿಡಲಿ ಬರುತ್ತದೆ. ಒಣ ಜಾಗದಲ್ಲಿ ಕಟ್ಟಿ. ಕೆಸರಿನಲ್ಲಿ ಲಾಳ ಕಳಚಿಬಿದ್ದರೆ ಹತ್ತಿ ಕೂರಬೇಡಿ, ಇಳಿದು ನಡೆಸಿಕೊಂಡು ಬನ್ನಿ. ಗೊರಸಿನಲ್ಲಿ ಮೊಳೆ ಉಳಿದಿದೆಯೇ ನೋಡಿ ಕಿತ್ತು, ಗೋಣಿತಟ್ಟು ಸುತ್ತಿ ಕಟ್ಟಿ, ನಾಲಬಂದ ಬರುವವರೆಗೆ ಒಣಹುಲ್ಲಿನ ಮೇಲೆ ನಿಲ್ಲಿಸಿ.