ಆಟದ ಪಾತ್ರದ ಜನಪದ ಮೂಲವನ್ನು ಹುಡುಕುವ ಬಗೆ: ಗಿಲ್ಗಮೇಶನ ಉದಾಹರಣೆ

ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ, ಅಂದರೆ ಆಟಗಾರ ಕಥೆಯೊಂದರ ಪಾತ್ರವಾಗಿ ಆಡುವ ವಿಡಿಯೊ ಆಟಗಳಲ್ಲಿ, ಪುರಾಣ, ಐತಿಹ್ಯ ಮತ್ತು ಜನಪದ ಕಥೆಗಳ ಹೆಸರುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಅಂಥ ಹೆಸರೊಂದು ಕಂಡೊಡನೆ ಆ ಹೆಸರಿನ ಕಥೆಯನ್ನು ಓದಿ, ಪಾತ್ರದ ಮೂಲ ಸಿಕ್ಕಿತೆಂದು ಹುಡುಕಾಟವನ್ನು ನಿಲ್ಲಿಸುವವರೇ ಹೆಚ್ಚು. ಆದರೆ ಹೆಸರು ಒಂದು ನಾಡಿನಿಂದಲೂ ನಡತೆ ಮತ್ತೊಂದು ನಾಡಿನಿಂದಲೂ ಬಂದಿರುವ ಪಾತ್ರಗಳು ಬೇಕಾದಷ್ಟಿವೆ. ಹಾಗಾಗಿ ಹುಡುಕಾಟವನ್ನು ಹೆಸರಿನಿಂದ ಆರಂಭಿಸದೆ, ಪಾತ್ರ ಏನು ಮಾಡುತ್ತದೆ ಎಂಬುದರಿಂದ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಕ್ರಮವನ್ನು ವಿವರಿಸಲು, 1992ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ವಿಡಿಯೊ ಗೇಮ್ ಯಂತ್ರಕ್ಕಾಗಿ ಬಿಡುಗಡೆಯಾದ ಫೈನಲ್ ಫ್ಯಾಂಟಸಿ 5ರ ಗಿಲ್ಗಮೇಶನಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಮೊದಲು ಯಾವ ಪುಸ್ತಕವನ್ನೂ ತೆರೆಯದೆ, ಆಟದಲ್ಲಿ ಕಂಡದ್ದನ್ನಷ್ಟೇ ಬರೆದಿಟ್ಟುಕೊಳ್ಳಿ. ಹೆಸರು, ವೇಷ, ಕೈಯಲ್ಲಿರುವ ವಸ್ತುಗಳು, ಎದುರಾಗುವ ಸ್ಥಳ, ಮಾಡುವ ಕೆಲಸ, ಕೊನೆ, ಇವುಗಳನ್ನು ಒಂದರೊಡನೊಂದು ಬೆರೆಸದೆ ಬೇರೆ ಬೇರೆಯಾಗಿ ಗುರುತಿಸಿ. ಗಿಲ್ಗಮೇಶ ಎಕ್ಸ್‌ಡೆತ್ ಎಂಬ ಖಳನ ಆಳು. ಕೆಂಪು ಉಡುಗೆ ತೊಟ್ಟು, ಬಿಳಿಯ ಮುಖದ ಮೇಲೆ ಕೆಂಪು ಗೆರೆಗಳನ್ನು ಬಳಿದುಕೊಂಡಿರುವ ಈತ ದೊಡ್ಡದೊಂದು ಸೇತುವೆಯ ಮೇಲೆ ನಾಯಕರ ದಾರಿಗೆ ಅಡ್ಡ ನಿಲ್ಲುತ್ತಾನೆ. ನೊಬುವೊ ಉಯೆಮಾತ್ಸು ಅವರು ಆ ಕಾಳಗಕ್ಕಾಗಿ ರಚಿಸಿದ ಸಂಗೀತ, ಫೈನಲ್ ಫ್ಯಾಂಟಸಿ ಆಟಗಳ ಸರಣಿಯ ಅತ್ಯಂತ ಜನಪ್ರಿಯ ರಚನೆಗಳಲ್ಲಿ ಒಂದು. ಶ್ರೇಷ್ಠ ಆಯುಧಗಳ ಮೇಲೆ ಅವನಿಗೆ ಅಪಾರ ಆಸೆ. ಆರ್ಥರ್ ರಾಜನ ಐತಿಹ್ಯದ ಕತ್ತಿ ಎಕ್ಸ್‌ಕ್ಯಾಲಿಬರ್ ಸಿಕ್ಕಿತೆಂದು ಸಂಭ್ರಮಿಸಿ ಅವನು ಬೀಸುವ ಕತ್ತಿ ನಕಲಿಯಾಗಿದ್ದು, ಪ್ರತಿ ಏಟಿಗೂ ಎದುರಾಳಿಗೆ 1 ಅಂಕದಷ್ಟೇ ಹಾನಿಯಾಗುತ್ತದೆ. ಕದಿಯುವ ಕೌಶಲವನ್ನು ಬಳಸುವ ಆಟಗಾರರು ಬೇರೆ ಬೇರೆ ಕಾಳಗಗಳಲ್ಲಿ ಅವನಿಂದ ಗೆಂಜಿ ಎಂಬ ಹೆಸರಿನ ಕೈಗವಸು, ಗುರಾಣಿ, ಶಿರಸ್ತ್ರಾಣ ಮತ್ತು ಕವಚವನ್ನು ಒಂದೊಂದಾಗಿ ಪಡೆಯಬಹುದು. ಕೊನೆಯಲ್ಲಿ, ಯಾರನ್ನು ತಡೆಯಲು ಬಂದಿದ್ದನೋ ಅವರನ್ನೇ ಉಳಿಸಲು ತನ್ನ ಪ್ರಾಣವನ್ನು ಕೊಡುತ್ತಾನೆ.

ಈಗ ಹೆಸರಿನ ಮೂಲವನ್ನು ನೋಡಿ. ಗಿಲ್ಗಮೇಶ ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಉರುಕ್ ನಗರದ ಅರಸ. ಅವನ ಮಹಾಕಾವ್ಯದ ಜೇಡಿಮಣ್ಣಿನ ಫಲಕಗಳು ನಿನೆವೆಯಲ್ಲಿ, ಕ್ರಿಸ್ತಪೂರ್ವ 7ನೆಯ ಶತಮಾನದ ಅಶ್ಶೂರದ ದೊರೆ ಅಶುರ್‌ಬನಿಪಾಲನ ಗ್ರಂಥಾಲಯದ ಅವಶೇಷಗಳಲ್ಲಿ ದೊರೆತವು. 1872ರಲ್ಲಿ ಜಾರ್ಜ್ ಸ್ಮಿತ್ ಅವುಗಳಲ್ಲಿದ್ದ ಜಲಪ್ರಳಯದ ಕಥೆಯನ್ನು ಓದಿ ಲಂಡನ್ನಿನಲ್ಲಿ ಪ್ರಕಟಪಡಿಸಿದರು. ಈ ಕಾವ್ಯವನ್ನು ಆಟದ ಪಟ್ಟಿಯೊಡನೆ ಹೋಲಿಸಿದರೆ ಹೊಂದುವ ಅಂಶಗಳು ಬಹಳ ಕಡಿಮೆ. ಸೇತುವೆಯ ಕಾವಲು ಕಾವ್ಯದಲ್ಲಿಲ್ಲ, ಕತ್ತಿಗಳನ್ನು ಕೂಡಿಹಾಕುವ ಹಂಬಲವಿಲ್ಲ, ಬಣ್ಣದ ಮುಖವೂ ಇಲ್ಲ. ನೇರವಾಗಿ ಬಂದಿರುವುದು ಎಂಕಿಡು ಮಾತ್ರ: ಆಟದ ಒಂದು ಕಾಳಗದಲ್ಲಿ ಗಿಲ್ಗಮೇಶ ತನ್ನ ಸಂಗಾತಿ ಎಂಕಿಡುವನ್ನು ನೆರವಿಗೆ ಕರೆಯುತ್ತಾನೆ. ಇಂಥ ಕಡೆ ಪಾಠಾಂತರಗಳನ್ನೂ ಗಮನಿಸುವ ಅಭ್ಯಾಸವಿರಲಿ. ಹೆಚ್ಚು ಹಳೆಯದಾದ ಸುಮೇರಿಯನ್ ಕವನಗಳಲ್ಲಿ ಎಂಕಿಡು ಅರಸನ ಸೇವಕ. ಅಕ್ಕಾಡಿಯನ್ ಮಹಾಕಾವ್ಯದಲ್ಲಿ ಅವನು ಪ್ರಾಣಸ್ನೇಹಿತ. ಕರೆದಾಗ ಬಂದು ಒಡೆಯನಿಗೆ ನೆರವಾಗುವ ಆಟದ ಎಂಕಿಡು ಯಾವ ಪಾಠಕ್ಕೆ ಹತ್ತಿರವೆಂಬುದನ್ನು ಓದುಗರೇ ತೂಗಿ ನೋಡಬಹುದು.

ಹೆಸರು ವಿವರಿಸದೆ ಬಿಟ್ಟ ಸಂಗತಿಗಳೇ ಮುಂದಿನ ಹುಡುಕಾಟದ ದಾರಿಯನ್ನು ತೋರಿಸುತ್ತವೆ. ಆಟ ತಯಾರಾದ ನಾಡಿನಲ್ಲಿ ಸೇತುವೆ, ಕತ್ತಿಗಳ ಸಂಗ್ರಹ, ಸೋತು ಸ್ನೇಹಿತನಾಗುವ ದೈತ್ಯದೇಹಿ ಯೋಧ, ಈ ಮೂರೂ ಒಟ್ಟಿಗೆ ಬರುವ ಕಥೆ ಯಾವುದೆಂದು ಕೇಳಿದರೆ, ಜಪಾನಿನ ಶಾಲಾಮಕ್ಕಳೂ ಬೆಂಕೇಯ ಹೆಸರನ್ನು ಹೇಳುತ್ತಾರೆ. 12ನೆಯ ಶತಮಾನದ ಈ ಸನ್ಯಾಸಿ ಯೋಧ ಸಾವಿರ ಕತ್ತಿಗಳನ್ನು ಕಿತ್ತುಕೊಳ್ಳುವ ಪಣ ತೊಟ್ಟು, ಕ್ಯೋಟೊ ನಗರದ ದಾರಿಹೋಕರನ್ನು ತಡೆದು 999 ಕತ್ತಿಗಳನ್ನು ಗಳಿಸಿದನಂತೆ. ಕೊನೆಯ ಕತ್ತಿಗಾಗಿ ಅವನು ತಡೆದದ್ದು ಕೊಳಲು ನುಡಿಸುತ್ತ ಬಂದ ಎಳೆಯನೊಬ್ಬನನ್ನು. ಆ ಹುಡುಗ ಉಶಿವಾಕಮಾರು, ಅಂದರೆ ಮುಂದೆ ಮಿನಾಮೊತೊ ನೊ ಯೋಶಿತ್ಸುನೆ ಎಂದು ಪ್ರಸಿದ್ಧನಾದ ಸೇನಾನಿ. ಸೇತುವೆಯ ಕೈಪಿಡಿಗೋಡೆಯ ಮೇಲೆ ಹಗುರವಾಗಿ ನೆಗೆದಾಡುವ ಹುಡುಗನೆದುರು, ಬೆನ್ನ ತುಂಬ ಆಯುಧಗಳನ್ನು ಹೊತ್ತು ನಾಗಿನಾತಾ ಎಂಬ ಉದ್ದ ಹಿಡಿಯ ಆಯುಧವನ್ನು ಬೀಸುವ ಬೆಂಕೇ ನಿಲ್ಲುವ ದೃಶ್ಯವನ್ನು ಜಪಾನಿನ ಚಿತ್ರಕಾರರು ಮತ್ತೆ ಮತ್ತೆ ಬರೆದಿದ್ದಾರೆ. ಕ್ಯೋಟೊದ ಗೊಜೊ ಸೇತುವೆಯ ಬಳಿ ಇಬ್ಬರ ಪ್ರತಿಮೆಗಳೂ ಇವೆ. ಸೋತ ಬೆಂಕೇ ಗೆದ್ದವನ ಆಜೀವ ಸೇವಕನಾದ. 1189ರಲ್ಲಿ ಕೊರೊಮೊಗಾವಾ ನದಿಯ ಬಳಿ ಒಡೆಯನಿಗೆ ಕೊನೆಯ ಗಳಿಗೆ ಒದಗಿದಾಗ ಶತ್ರುಗಳನ್ನು ಒಬ್ಬನೇ ತಡೆದು, ಮೈತುಂಬ ಬಾಣಗಳು ನಾಟಿದರೂ ಕೆಳಗೆ ಬೀಳದೆ ನಿಂತಂತೆಯೇ ಸತ್ತನೆಂದು ಐತಿಹ್ಯ ಹೇಳುತ್ತದೆ.

ಆಟದ ಪಟ್ಟಿಯಲ್ಲಿದ್ದ ಬಹುಪಾಲು ಸಂಗತಿಗಳಿಗೆ ಇಲ್ಲಿ ನೆಲೆ ಸಿಕ್ಕಿತು. ಗೆಂಜಿ ಎಂಬುದು ಯೋಶಿತ್ಸುನೆ ಹುಟ್ಟಿದ ಮಿನಾಮೊತೊ ಮನೆತನದ ಇನ್ನೊಂದು ಹೆಸರು; ಹಾಗಾಗಿ ಬೆಂಕೇಯ ನೆರಳಾಗಿರುವ ಪಾತ್ರ ಆ ಮನೆತನದ ಯುದ್ಧಸಾಮಗ್ರಿಯನ್ನು ತೊಟ್ಟಿರುವುದು ಆಕಸ್ಮಿಕವಾಗಿರಲಾರದು. ಕಥೆಯಲ್ಲಿ ಸೇತುವೆಯ ಮೇಲೆ ನಿಂತು ಪರರ ಕತ್ತಿಗಳನ್ನು ಕಿತ್ತುಕೊಂಡವನು ಆಟದಲ್ಲಿ ತನ್ನ ಸಾಮಗ್ರಿಯನ್ನೇ ಆಟಗಾರನಿಗೆ ಕಳೆದುಕೊಳ್ಳುತ್ತಾನೆ ಎಂಬ ತಿರುವು ನನಗೆ ಬಹಳ ಪ್ರಿಯವಾದದ್ದು. ಕಥೆ ಗೊತ್ತಿದ್ದವರಿಗಷ್ಟೇ ಅದರ ಸೊಗಸು ಪೂರ್ತಿಯಾಗಿ ದಕ್ಕುತ್ತದೆ.

ಮೂಲ ಕೈಗೆ ಸಿಕ್ಕ ಮೇಲೆ ಅದರ ಬೇರೆ ಬೇರೆ ಪಾಠಗಳನ್ನು ಓದುವುದು ಅತ್ಯಗತ್ಯ. ಮುರೊಮಾಚಿ ಕಾಲದಲ್ಲಿ (14ರಿಂದ 16ನೆಯ ಶತಮಾನ) ರೂಪುಗೊಂಡ ಗಿಕೇಕಿ ಎಂಬ ಕೃತಿಯಲ್ಲಿ ಇವರಿಬ್ಬರ ಮುಖಾಮುಖಿ ನಡೆಯುವುದು ಸೇತುವೆಯ ಮೇಲಲ್ಲ. ಗೊಜೊ ತೆಂಜಿನ್ ದೇವಸ್ಥಾನದ ಬಳಿ ಮತ್ತು ಕಿಯೊಮಿಜು ದೇವಾಲಯದಲ್ಲಿ. ಹಾಶಿ ಬೆಂಕೇ ಎಂಬ ನೋ ನಾಟಕದಲ್ಲಿ (ನೋ ಎಂಬುದು ಜಪಾನಿನ ಹಳೆಯ ರಂಗಪ್ರಕಾರ) ಸೇತುವೆ ಬರುತ್ತದೆ, ಆದರೆ ಅಲ್ಲಿ ದಾರಿಹೋಕರನ್ನು ಕಾಡುತ್ತಿರುವವನು ಹುಡುಗ ಉಶಿವಾಕಮಾರು, ಅವನನ್ನು ಎದುರಿಸಲು ಹೋಗುವವನು ಬೆಂಕೇ. ಆಟ ಅನುಸರಿಸಿರುವುದು ಇವೆರಡೂ ಬೆರೆತು ಜನರ ಬಾಯಲ್ಲಿ ನೆಲೆಗೊಂಡ ರೂಪವನ್ನು. ಅತ್ಯಂತ ಹಳೆಯ ಪಾಠವೇ ಆಟದ ಆಕರವಾಗಿರಬೇಕೆಂದು ಹಟ ಹಿಡಿದರೆ ಹುಡುಕಾಟ ದಾರಿ ತಪ್ಪುತ್ತದೆ. ಆಟ ತಯಾರಿಸಿದವರು ಚಿಕ್ಕಂದಿನಿಂದ ಕೇಳಿ ಬೆಳೆದ ರೂಪ ಯಾವುದೆಂಬುದು ಇಲ್ಲಿ ಹೆಚ್ಚು ಮುಖ್ಯ.

ವೇಷದ ಮೂಲವನ್ನು ರಂಗಭೂಮಿಯಲ್ಲಿ ಹುಡುಕಬೇಕು. ಮುಖದ ಕೆಂಪು ಗೆರೆಗಳು ಜಪಾನಿನ ಸಾಂಪ್ರದಾಯಿಕ ರಂಗಪ್ರಕಾರವಾದ ಕಬುಕಿ ನಾಟಕದ ಕುಮಾದೊರಿ ಎಂಬ ಬಣ್ಣಗಾರಿಕೆಯನ್ನು ಹೋಲುತ್ತವೆ. ಅದರಲ್ಲಿ ಕೆಂಪು ಶೌರ್ಯ ಮತ್ತು ಆವೇಶದ ಗುರುತು, ನೀಲಿ ದುಷ್ಟತನದ ಗುರುತು. ಯಕ್ಷಗಾನದ ಬಣ್ಣದ ವೇಷಗಳನ್ನು ನೋಡಿ ಬೆಳೆದ ಕನ್ನಡಿಗರಿಗೆ ಮುಖದ ಬಣ್ಣವೇ ಪಾತ್ರದ ಸ್ವಭಾವವನ್ನು ಸಾರುವ ಈ ಕ್ರಮ ಹೊಸದೆನಿಸದು. ಖಳನ ಆಳಿನ ಮುಖದಲ್ಲಿ ಕೆಂಪು ಗೆರೆಗಳಿರುವುದು, ಅವನು ಮುಂದೆ ನಾಯಕರ ಪಕ್ಷಕ್ಕೆ ಒಲಿಯುವುದಕ್ಕೆ ಹೊಂದಿಕೊಂಡಂತಿದೆ.

ಹೋಲಿಕೆಯನ್ನೇ ಪುರಾವೆಯೆಂದು ಬಗೆಯದಿರಿ. ಆಟದಲ್ಲಿ ಗಿಲ್ಗಮೇಶ ರೂಪ ಬದಲಿಸಿ ಹಲವು ಕೈಗಳನ್ನು ತೋರಿಸುತ್ತಾನೆ. ನಾರಾ ನಗರದ ಕೊಫುಕುಜಿ ದೇವಾಲಯದಲ್ಲಿ 8ನೆಯ ಶತಮಾನದ, ಮೂರು ಮುಖ ಆರು ಕೈಗಳ ಅಶುರನ ಪ್ರಸಿದ್ಧ ಪ್ರತಿಮೆಯಿದೆ. ಅದು ಬೌದ್ಧಧರ್ಮದೊಡನೆ ಭಾರತದಿಂದ ಹೋದ ನಮ್ಮ ಅಸುರನೇ. ಈ ನಂಟು ಮನಸ್ಸಿಗೆ ಹಿತವೆನಿಸಿದರೂ ಅದನ್ನು ಸಾಧ್ಯತೆಯೆಂದಷ್ಟೇ ಬರೆಯಬೇಕು. ಸೇತುವೆ, ಕತ್ತಿ, ಗೆಂಜಿ, ಬಲಿದಾನ ಎಂಬ ನಾಲ್ಕು ಎಳೆಗಳು ಒಂದೇ ಕಥೆಯಲ್ಲಿ ಕೂಡುವುದಕ್ಕೂ ಕೈಗಳ ಸಂಖ್ಯೆಯೊಂದೇ ಹೋಲುವುದಕ್ಕೂ ಬಹಳ ಅಂತರವಿದೆ.

ಹಾಗಾದರೆ ಬೆಂಕೇಯಂಥ ಪಾತ್ರಕ್ಕೆ ಉರುಕ್‌ನ ಅರಸನ ಹೆಸರು ಒಪ್ಪುವುದಾದರೂ ಹೇಗೆ? ಎರಡೂ ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಮಹಾಕಾವ್ಯದಲ್ಲಿ ಮದುವೆ ಮನೆಯ ಬಾಗಿಲಿಗೆ ಅಡ್ಡ ನಿಂತ ಎಂಕಿಡು ಗಿಲ್ಗಮೇಶನನ್ನು ತಡೆಯುತ್ತಾನೆ, ಗೋಡೆಗಳು ನಡುಗುವಂತೆ ಇಬ್ಬರೂ ಸೆಣಸುತ್ತಾರೆ, ಸೆಣಸಾಟ ಮುಗಿಯುತ್ತಲೇ ಸ್ನೇಹಿತರಾಗುತ್ತಾರೆ. ದಾರಿಗೆ ಅಡ್ಡ ನಿಂತವನೇ ಆಪ್ತನಾಗುವ ಕಥೆ ಉರುಕ್‌ನಲ್ಲೂ ಇದೆ, ಕ್ಯೋಟೊದಲ್ಲೂ ಇದೆ. ಆಟದ ಪಾತ್ರ ಬದುಕುವುದು ಈ ಕೂಡುದಾರಿಯಲ್ಲಿಯೇ ಎಂದು ನಾನು ತಿಳಿಯುತ್ತೇನೆ.

ನಿಮ್ಮ ತೀರ್ಮಾನವನ್ನು ಪರೀಕ್ಷಿಸಲು ಅದೇ ಪಾತ್ರ ಮುಂದಿನ ಆಟಗಳಲ್ಲಿ ಹೇಗೆ ಬಂದಿದೆ ಎಂಬುದನ್ನು ನೋಡಿ. 1999ರ ಫೈನಲ್ ಫ್ಯಾಂಟಸಿ 8ರಲ್ಲಿ ಗಿಲ್ಗಮೇಶ ನಾಲ್ಕು ಕತ್ತಿಗಳೊಡನೆ ಬರುತ್ತಾನೆ, ಅವುಗಳಲ್ಲಿ ಆ ನಕಲಿ ಕತ್ತಿಯೂ ಇದೆ. 2006ರ ಫೈನಲ್ ಫ್ಯಾಂಟಸಿ 12ರಲ್ಲಿ ಎಂಕಿಡು ನಾಯಿಯ ರೂಪದಲ್ಲಿ ಜೊತೆಗಿದ್ದಾನೆ, ಗಿಲ್ಗಮೇಶನ ಕೈಗಳಲ್ಲಿ ಸರಣಿಯ ಇತರ ಆಟಗಳ ಹೆಸರಾಂತ ಕತ್ತಿಗಳ ನಕಲುಗಳಿವೆ, ಸೇತುವೆಯ ಕಾಳಗದ ಸಂಗೀತವೂ ಮರಳಿದೆ. ಮಹಾಕಾವ್ಯದಲ್ಲಿ ಬರುವ ಉರುಕ್, ಅದರ ಕೋಟೆ, ಅಮರತ್ವದ ಹುಡುಕಾಟ ಈ ಎರಡೂ ಆಟಗಳಲ್ಲಿ ಇಲ್ಲ. ಉಳಿದುಬಂದಿರುವುದು ಕತ್ತಿಗಳ ಹಂಬಲ. ಬರೆಯಲು ಕುಳಿತಾಗ ಪ್ರತಿ ಅಂಶದ ಮುಂದೆ ಅದು ಯಾವ ಕಥೆಯ ಯಾವ ಪಾಠದಿಂದ ಬಂದದ್ದು, ಆ ನಂಟು ಖಚಿತವೋ ಊಹೆಯೋ ಎಂಬುದನ್ನು ತಪ್ಪದೆ ನಮೂದಿಸಿ. ಮುಂದೆ ಇದೇ ಪಾತ್ರವನ್ನು ಅಭ್ಯಾಸ ಮಾಡುವವರು ನಿಮ್ಮ ಹುಡುಕಾಟವನ್ನು ಅಲ್ಲಿಂದಲೇ ಮುಂದುವರಿಸಬಹುದು.