ಥಂಡ್ಯಾಗ ಗಾಡಿ ನಡುಗಿ ಚಾಲೂ ಆಗ್ತೈತ್ರಿ? ಟರ್ಬೋ ಬಿಚ್ಚೂಕ್ಕಿಂತ ಮೊದ್ಲ ಇಷ್ಟ ನೋಡ್ರಿ

ಡಿಸೆಂಬರ್ ಬಂತಂದ್ರ ಪುಣೆದಾಗ ಮುಂಜಾನಿ 10 ಡಿಗ್ರಿ ಆಸುಪಾಸು ಬಂದ ನಿಲ್ತೈತಿ, ಆವಾಗ ನಮ್ಮ ಸೊಸೈಟಿ ಪಾರ್ಕಿಂಗ್‌ನ್ಯಾಗ ಹಳೆ ಡೀಸೆಲ್ ಗಾಡಿಗೋಳು ಒಂದೊಂದ ಕೆಮ್ಮಾಕ ಶುರು ಮಾಡ್ತಾವ. ನಂದೂ ಅದ್ರಾಗ ಒಂದ, 2010ರ ಟರ್ಬೋ ಡೀಸೆಲ್, 1 ಲಕ್ಷ 60 ಸಾವಿರ ಕಿಲೋಮೀಟರ್ ಓಡೈತಿ. ಎರಡ ವರ್ಷದ ಹಿಂದ ಮುಂಜಾನಿ ಚಾಲೂ ಮಾಡಿದ್ರ ಇಡೀ ಗಾಡಿ ಗಡಗಡ ನಡುಗಿ, ಬಿಳಿ ಹೊಗಿ ಬಿಟ್ಟು, ಒಂದ ನಿಮಿಷ ಆದಮ್ಯಾಲೆ ತಾನ ಸುಧಾರಿಸ್ಕೋತಿತ್ತು. ಕಾತ್ರಜ್ ಕಡೆ ಒಂದ ಗ್ಯಾರೇಜಿಗೆ ಒಯ್ದೆ, ಅಂವ ಬಾನೆಟ್ ಎತ್ತಿ ಎರಡ ಸಲ ರೇಸ್ ಕೊಟ್ಟು "ಟರ್ಬೋ ಗೇಲಾ ಸಾಹೇಬ್" (ಟರ್ಬೋ ಹೋತ್ರಿ) ಅಂದು 38 ಸಾವಿರದ ಲೆಕ್ಕ ಕೈಯಾಗ ಇಟ್ಟ. ಕಡೀಕ ನೋಡಿದ್ರ ನಾಲ್ಕ ಗ್ಲೋ ಪ್ಲಗ್‌ನ್ಯಾಗ (ಥಂಡ್ಯಾಗ ಸಿಲಿಂಡರ್ ಒಳಗ ಬಿಸಿ ಕೊಡೂ ಸಣ್ಣ ಹೀಟರ್) ಎರಡ ಸತ್ತಿದ್ವು, ಅಷ್ಟ. ಇಲ್ಲೆ ನಮ್ಮ ಕನ್ನಡ ಮಂದಿ ಭಾಳ ಅದಾರ, ಹಳೆ ಗಾಡಿ ಜೋಪಾನ ಮಾಡಿ ಇಟ್ಕೊಂಡವ್ರೂ ಭಾಳ ಅದಾರ, ಅವ್ರ ರೊಕ್ಕ ಹಿಂಗ ಹೋಗಬಾರ್ದಂತ ಬರಿಯಾಕತ್ತೀನಿ.

ಮೊದ್ಲ ಟರ್ಬೋ ಮಾತ ಮುಗಿಸೂಣು. ಟರ್ಬೋ ಅಂದ್ರ ಇಂಜಿನ್ನಿಗೆ ಜಾಸ್ತಿ ಗಾಳಿ ಒತ್ತಿ ತುಂಬೂ ಪಂಖಾ, ಅದು ತಿರುಗೂದು ಇಂಜಿನ್ನಿಂದ ಹೊರಗ ಹೋಗೂ ಗಾಳಿ ಜೋರಿನ ಮ್ಯಾಲೆ, ಐಡಲ್‌ನ್ಯಾಗ (ರೇಸ್ ಕೊಡದ ಸುಮ್ನ ಓಡುಮುಂದ) ಆ ಜೋರ ಇರಂಗಿಲ್ಲ, ಬೂಸ್ಟ್ (ಟರ್ಬೋ ಒತ್ತೂ ಗಾಳಿ) ಅನ್ನೂದ ಇಲ್ಲ ಅಂದ್ರೂ ನಡಿತೈತಿ. ಹಂಗಾಗಿ ಚಾಲೂ ಮಾಡಿದ ಮೊದಲನೇ ನಿಮಿಷದಾಗ ನಡುಗಿ, ಬಿಸಿ ಆದಮ್ಯಾಲೆ ಛಲೋ ಎಳ್ಯಾಕತ್ತಿದ್ರ ಟರ್ಬೋ ಮ್ಯಾಲೆ ಗುಮಾನಿ ಪಡೂ ಜರೂರ ಇಲ್ಲ. ಅದರ ಸೀಲ್ ಹೋಗಿದ್ರ ನೀಲಿ ಹೊಗಿ ಬರ್ತೈತಿ, ಆಯಿಲ್ ಕಡಿಮಿ ಆಗ್ತೈತಿ, ಇಂಟರ್‌ಕೂಲರ್ ಪೈಪ್‌ನ್ಯಾಗ (ಟರ್ಬೋದಿಂದ ಬರೂ ಗಾಳಿ ತಂಪ ಮಾಡೂ ಭಾಗದ ಪೈಪ್) ಆಯಿಲ್ ನಿಂತಿರ್ತೈತಿ. ಪೈಪ್ ಒಳಗ ತೆಳ್ಳಗ ಆಯಿಲ್ ಹತ್ತಿದ್ದು ಕಂಡ್ರ ಹೆದರಬ್ಯಾಡ್ರಿ, ಹಳೆ ಗಾಡ್ಯಾಗ ಅದ ಸಹಜ.

ಇನ್ನೊಂದ ಮಾತ, ಗ್ಯಾರೇಜಿಗೆ ಗಾಡಿ ಓಡಿಸ್ಕೊಂಡ ಹೋದ್ರ ರೋಗ ದಾರ್ಯಾಗ ಮಾಯ ಆಗಿರ್ತೈತಿ. ಮೆಕ್ಯಾನಿಕ್‌ಗೆ ತೋರಿಸೂದಿದ್ರ ಸಂಜಿಕ ಬಿಟ್ಟ ಬರ್ರಿ, ಮುಂಜಾನಿ ನಿಮ್ಮ ಕಣ್ಣಮುಂದ ಮೊದಲನೇ ಸೆಲ್ಫ್ ಹೊಡಿಲಿ. ಇಲ್ಲಂದ್ರ ಮನ್ಯಾಗ ನೀವ ನೋಡ್ರಿ, ಭಾಳ ಕಷ್ಟ ಏನಿಲ್ಲ, ಒಂದ ಮಲ್ಟಿಮೀಟರ್, ಎರಡ ವೈರ್ ಹಚ್ಚಿದ 12 ವೋಲ್ಟಿನ ಸಣ್ಣ ಬಲ್ಬು, ಮತ್ತ ಗಾಡಿ ಸೆನ್ಸರ್ ಅಂಕಿ ಮೊಬೈಲಿನಾಗ ತೋರಿಸೂ ಓಬಿಡಿ ಬ್ಲೂಟೂತ್ ಡಾಂಗಲ್ ಇದ್ರ ಸಾಕು.

ಸೆಲ್ಫ್ ಹೊಡಿಯೂಕ್ಕಿಂತ ಮೊದ್ಲ ಬ್ಯಾಟರಿ ನೋಡ್ರಿ. ರಾತ್ರಿಯೆಲ್ಲಾ ನಿಂತ ಗಾಡ್ಯಾಗ 12.6 ವೋಲ್ಟ್ ಇದ್ರ ತುಂಬೈತಿ ಅಂತ, 12.2 ಅಂದ್ರ ಅರ್ಧ ಖಾಲಿ. ಸೆಲ್ಫ್ ಹೊಡಿಯುಮುಂದ 10ರ ಹತ್ರ ಇರಬೇಕು, 9ಕ್ಕ ಇಳಿದ್ರ ಬಾಕಿ ಎಲ್ಲಾ ಬಿಟ್ಟು ಬ್ಯಾಟರಿ, ಟರ್ಮಿನಲ್, ಅರ್ಥ್ ವೈರ್ ನೋಡ್ರಿ, ಯಾಕಂದ್ರ ಇಂಜಿನ್ ನಿಧಾನ ತಿರುಗಿದ್ರ ಕಂಪ್ರೆಷನ್ (ಸಿಲಿಂಡರ್ ಒಳಗ ಗಾಳಿ ಒತ್ತೂದು) ಬಿಸಿ ಹುಟ್ಟಂಗಿಲ್ಲ, ಡೀಸೆಲ್ ಹತ್ತೂದ ಆ ಬಿಸಿ ಮ್ಯಾಲೆ.

ಈಗ ಚಾಲೂ ಮಾಡ್ರಿ, ಕಿವಿ ಕೊಟ್ಟ ಕೇಳ್ರಿ. ಇಲ್ಲೇ ಅರ್ಧ ಉತ್ತರ ಸಿಗ್ತೈತಿ. ಭಾಳ ಹೊತ್ತ ಸೆಲ್ಫ್ ಹೊಡದು, ಹತ್ತಿದ ಮ್ಯಾಲೆ ಛಂದಂಗ ಓಡಿದ್ರ ಡೀಸೆಲ್ ಬರೂ ದಾರ್ಯಾಗ ತೊಂದ್ರಿ ಐತಿ. ಲಗೂನ ಹತ್ತಿ ಆದ್ರ ನಡುಗಿಕೋತ ಬಿಳಿ ಹೊಗಿ ಬಿಟ್ರ ಒಂದೋ ಎರಡೋ ಸಿಲಿಂಡರ್‌ನ್ಯಾಗ ಡೀಸೆಲ್ ಸುಡವಲ್ದು ಅಂತ ಅರ್ಥ. ಆ ಹೊಗಿ ಕಣ್ಣಿಗೆ ಖಾರ ಹತ್ತಿದಂಗ ಹತ್ತಿದ್ರ ಅದು ಸುಡದ ಡೀಸೆಲ್. ಸಿಹಿ ವಾಸನಿ ಬಂದು, ಕೂಲಂಟ್ (ಇಂಜಿನ್ ತಂಪ ಇಡೂ ನೀರು) ಬಾಟ್ಲಿ ಮಟ್ಟನೂ ಇಳಿಯಾಕತ್ತಿದ್ರ ಅದು ಬ್ಯಾರೆ ಕಥಿ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತ ಹೆಡ್ ನಡುವಿನ ಸೀಲ್) ನೋಡಿಸ್ರಿ, ತಡ ಮಾಡಬ್ಯಾಡ್ರಿ.

ನಡುಗಿ ಬಿಳಿ ಹೊಗಿ ಬಂದ್ರ ಗ್ಲೋ ಪ್ಲಗ್ ಮೊದಲನೇ ಗುಮಾನಿ. ಚಾವಿ ಬಂದ್ ಮಾಡಿ ಪ್ಲಗ್ಗಿನ ಕನೆಕ್ಟರ್ ತಗೀರಿ, ಬಲ್ಬಿನ ಒಂದ ವೈರ್ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದ ಪ್ಲಗ್ಗಿನ ತುದಿಗೆ ಹಚ್ರಿ. ನಾ ಆ ದಿನ ಮುಂಜಾನಿ ಆರಕ್ಕ ಟಾರ್ಚ್ ಬಾಯಾಗ ಹಿಡ್ಕೊಂಡು ಮಾಡಿದ್ದು ಇದನ್ನ, ಒಂದನೇದು ಹಚ್ಚಿದೆ, ಬಲ್ಬ್ ಹತ್ತಿತು, ಎರಡನೇದಕ್ಕ ಹತ್ತಲಿಲ್ಲ, ತುದಿ ತಿಕ್ಕಿ ಮತ್ತ ಹಚ್ಚಿದ್ರೂ ಇಲ್ಲ, ಮೂರನೇದು ಹತ್ತಿತು, ನಾಲ್ಕನೇದು ಸತ್ತಿತ್ತು. ಮೀಟರ್‌ನ್ಯಾಗ ಜೀವಂತ ಪ್ಲಗ್ ಸಾಮಾನ್ಯವಾಗಿ 1 ಓಮ್ ಆಸುಪಾಸು ತೋರಿಸ್ತೈತಿ, ಸತ್ತಿದ್ದು ಓಪನ್ ತೋರಿಸ್ತೈತಿ. ನಾಲ್ಕೂ ಜೀವಂತ ಇದ್ರ ಯಾರಿಗಾರ ಚಾವಿ ತಿರಗಸ್ಲಿಕ್ಕೆ ಹೇಳಿ ಕನೆಕ್ಟರ್‌ನ್ಯಾಗ ವೋಲ್ಟೇಜ್ ಬರ್ತೈತೇನ ನೋಡ್ರಿ, ಬರಲಿಲ್ಲಂದ್ರ ಫ್ಯೂಸ್ ಇಲ್ಲಾ ರಿಲೇ. ಪ್ಲಗ್ ಬಿಚ್ಚುಮುಂದ ಮಾತ್ರ ಭಾಳ ಹುಷಾರ್, ಹಳೆವು ಕಾರ್ಬನ್ ಹಿಡದು ಹೆಡ್ಡಿನಾಗ ಮುರೀತಾವ, ಮುರದ್ರ ಸಣ್ಣ ಕೆಲಸ ದೊಡ್ಡದಾಗ್ತೈತಿ. ಹಿಂದಿನ ರಾತ್ರಿ ರಸ್ಟ್ ಬಿಡಿಸೂ ಸ್ಪ್ರೇ ಹೊಡದು ಇಡ್ರಿ, ಇಂಜಿನ್ ಬಿಸಿ ಮಾಡಿ ಸಾವಕಾಶ ಬಿಚ್ಚ್ರಿ, ಜೋರ ಮಾಡಬ್ಯಾಡ್ರಿ. ಪುಣೆದ ನಾನಾ ಪೇಟೆ ಅನ್ನೂ ಬಡಾವಣ್ಯಾಗ ಸ್ಪೇರ್ ಅಂಗಡಿ ಸಾಲಸಾಲ ಅದಾವ, ಹಳೇದ್ರ ನಂಬರ್ ತೋರಿಸಿ ನಾಲ್ಕೂ ಒಂದ ಕಂಪನಿದು ತಗೋರಿ.

ಮಂದಿ ಮರೆಯೂದು ಕೂಲಂಟ್ ಟೆಂಪರೇಚರ್ ಸೆನ್ಸರ್. ಡಾಂಗಲ್ ಹಾಕಿ ಚಾವಿ ಆನ್ ಅಷ್ಟ ಮಾಡಿ, ಕೂಲಂಟ್ ಮತ್ತ ಒಳಗ ಬರೂ ಗಾಳಿ ಎರಡೂ ಟೆಂಪರೇಚರ್ ನೋಡ್ರಿ, ರಾತ್ರಿಯೆಲ್ಲಾ ನಿಂತ ಗಾಡ್ಯಾಗ ಎರಡೂ ಹೆಚ್ಚೂಕಡಿಮಿ ಒಂದ ಇರಬೇಕು. ಗಾಳಿ 12 ಇದ್ದು ಕೂಲಂಟ್ 55 ಅಂತ ತೋರಿಸಿದ್ರ ಇಂಜಿನ್ ಬಿಸಿ ಐತಿ ಅಂತ ಇಸಿಯು (ಇಂಜಿನ್ ನಡಸೂ ಕಂಪ್ಯೂಟರ್) ತಿಳ್ಕೊಂಡು ಗ್ಲೋನೂ ಸರಿಯಾಗಿ ಕೊಡಂಗಿಲ್ಲ, ಡೀಸೆಲ್ಲೂ ಕಡಿಮಿ ಹಾಕ್ತೈತಿ. ಆವಾಗ ಹೊಸಾ ಪ್ಲಗ್ ಹಾಕಿದ್ರೂ ಉಪಯೋಗ ಇಲ್ಲ.

ಸೆಲ್ಫ್ ಭಾಳ ಹೊತ್ತ ಹೊಡಿಯೂ ತರದ್ದಿದ್ರ ಡೀಸೆಲ್ ಲೈನಿನಾಗ ಗಾಳಿ ಹುಡುಕ್ರಿ. ಕಾಮನ್ ರೇಲ್ ಇಂಜಿನ್ನಿನಾಗ (ಎಲ್ಲಾ ಸಿಲಿಂಡರಿಗೆ ಒಂದ ಪೈಪಿನಿಂದ ಜೋರ ಪ್ರೆಷರಿನಾಗ ಡೀಸೆಲ್ ಹೋಗೂ ಇಂಜಿನ್) ರೇಲ್ ಪ್ರೆಷರ್ ಸುಮಾರ 200 ಬಾರ್ ದಾಟೂತನಕ ಇಂಜೆಕ್ಟರ್ (ಸಿಲಿಂಡರ್ ಒಳಗ ಡೀಸೆಲ್ ಸಿಂಪಡಿಸೂ ಭಾಗ) ತೆರಿಯಂಗಿಲ್ಲ, ರಾತ್ರಿ ಡೀಸೆಲ್ ಹಿಂದಕ್ಕ ಟಾಕಿಗೆ ಇಳಿದಿದ್ರ ಅಷ್ಟ ಪ್ರೆಷರ್ ಕಟ್ಟೂದಕ್ಕ ಹೊತ್ತ ಹಿಡಿತೈತಿ. ಫಿಲ್ಟರ್ ಆದಮ್ಯಾಲೆ ಬರೂ ಕಡಿಮಿ ಪ್ರೆಷರ್ ಲೈನಿಗೆ ಒಂದ ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿ ನೋಡಿದ್ರ ಗುಳ್ಳಿ ಕಾಣಸ್ತಾವ. ಭಾಳ ಸಲ ಫಿಲ್ಟರ್ ಬದಲ ಮಾಡುಮುಂದ ಸರಿಯಾಗಿ ಕೂಡದ ರಬ್ಬರ್ ರಿಂಗ್ ಇರ್ತೈತಿ. ಆದ್ರ ಇಂಜೆಕ್ಟರಿಗೆ ಹೋಗೂ ಕಬ್ಬಿಣದ ಸಣ್ಣ ಪೈಪ್ ಇಂಜಿನ್ ಚಾಲೂ ಇದ್ದಾಗ ಸಡ್ಲ ಮಾಡಬ್ಯಾಡ್ರಿ, ಆ ಪ್ರೆಷರಿನ ಡೀಸೆಲ್ ಚರ್ಮ ಸೀಳಿ ಒಳಗ ಹೋಗ್ತೈತಿ. ಸೆಲ್ಫ್ ಹತ್ತವಲ್ದಂತ ಏರ್ ಫಿಲ್ಟರಿಗೆ ಈಥರ್ ಸ್ಪ್ರೇ ಹೊಡಿಯೂದೂ ಬ್ಯಾಡ, ಕೆಂಪ ಕಾಯ್ದ ಗ್ಲೋ ಪ್ಲಗ್ ಮ್ಯಾಲೆ ಅದು ಸಿಡಿತೈತಿ, ಪಿಸ್ಟನ್ ಹೋಗ್ತೈತಿ.

ಕರಿ ಹೊಗಿ ಬಂದ್ರ ಈಜಿಆರ್ ವಾಲ್ವ್ (ಹೊಗಿ ಸ್ವಲ್ಪ ತಿರುಗಿ ಇಂಜಿನ್ನಿಗೆ ಬಿಡೂ ವಾಲ್ವ್) ಕಾರ್ಬನ್ ತಿಂದು ತೆರದ ನಿಂತೈತೇನ ನೋಡಿ ಸ್ವಚ್ಛ ಮಾಡಿಸ್ರಿ.

ಇಷ್ಟೆಲ್ಲಾ ಸರಿ ಇದ್ದೂ ನಡುಗಾಕತ್ತಿದ್ರ ಉಳಿಯೂದು ಇಂಜೆಕ್ಟರ್, ಇಲ್ಲಾ ಕಂಪ್ರೆಷನ್. ಇಂಜೆಕ್ಟರಿಗೆ ರಿಟರ್ನ್ ಟೆಸ್ಟ್ ಮಾಡಿಸ್ರಿ, ನಾಲ್ಕ ಬಾಟ್ಲಿಗೆ ನಾಲ್ಕ ನಳಿಗಿ ಹಚ್ಚಿ ಐಡಲ್‌ನ್ಯಾಗ ಬಿಟ್ರ ಯಾವ ಬಾಟ್ಲಿ ಬ್ಯಾರೇದ್ದಕ್ಕಿಂತ ಜೋರ ತುಂಬ್ತೈತೋ ಅದ ಇಂಜೆಕ್ಟರ್ ಸವದೈತಿ, ನಾಲ್ಕೂ ಬದಲ ಮಾಡೂ ಕಾರಣ ಇಲ್ಲ. ಕಂಪ್ರೆಷನ್ ಗ್ಲೋ ಪ್ಲಗ್ಗಿನ ತೂತಿನಿಂದನ ಅಳಿತಾರ. ಇಂಜಿನ್ ಬಿಚ್ಚಬೇಕು ಅಂತ ಯಾರರ ಅಂದ್ರ ಮೊದ್ಲ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಂಕಿ ಕಾಗದದ ಮ್ಯಾಲೆ ಬರಸ್ಕೋರಿ, ಅದು ಕೈಗೆ ಬರೂತನಕ ಹೂಂ ಅನ್ನಬ್ಯಾಡ್ರಿ.