ಮುಂಬೈಗೆ ಎರಡು ದಿನ ಹೊರಟಿರಾ? ಮೊದಲು ಲೈನ್ ಕೇಳಿ

ಡಿಸೆಂಬರ್ ಬಂತೆಂದರೆ ಪುಣೆಯಲ್ಲಿ ಬೆಳಿಗ್ಗೆ ನೆಲಕ್ಕೆ ಕಾಲಿಡಲು ಮನಸ್ಸೇ ಆಗುವುದಿಲ್ಲ. 10 ಡಿಗ್ರಿ ಆಸುಪಾಸಿನ ಚಳಿ. ಅದೇ ಹೊತ್ತಿಗೆ ಮೂರೂವರೆ ತಾಸು ದೂರದ ಮುಂಬೈಯಿಂದ ಗೆಳೆಯ ಬನಿಯನ್ನಿನಲ್ಲೇ ಬಾಲ್ಕನಿಗೆ ಬಂದು ವಿಡಿಯೋ ಕಾಲ್ ಮಾಡಿ ಹೊಟ್ಟೆ ಉರಿಸುತ್ತಾನೆ. ಅಲ್ಲಿ ಮಧ್ಯಾಹ್ನ 30 ಡಿಗ್ರಿ, ರಾತ್ರಿಗೆ ಒಂದು ತೆಳು ಹೊದಿಕೆ ಸಾಕು. ಸಮುದ್ರದ ನೀರು ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ, ಅದಕ್ಕೇ ಚಳಿಗೆ ಅಲ್ಲಿ ಅಷ್ಟು ಜೋರಿಲ್ಲ. ಹೋಗಿಬರೋಣ ಅನ್ನಿಸಿದರೆ ಟಿಕೆಟ್ ಆ್ಯಪ್ ಆಮೇಲೆ ತೆಗೆಯಿರಿ.

ಮೊದಲು ಗೆಳೆಯರಿಗೆ ಫೋನ್ ಮಾಡಿ, 'ನಿಮ್ಮ ಮನೆ ಯಾವ ಲೈನ್?' ಅಂತ ಕೇಳಿ. ಸೆಂಟ್ರಲ್, ವೆಸ್ಟರ್ನ್, ಹಾರ್ಬರ್, ಇವು ಅಲ್ಲಿನ ಲೋಕಲ್ ರೈಲಿನ ಮುಖ್ಯ ದಾರಿಗಳು. ಮುಂಬೈಯವರ ಬದುಕು ನಡೆಯುವುದೇ ಈ ಲೈನುಗಳ ಮೇಲೆ. ಸೆಂಟ್ರಲ್ ಲೈನಿನ ಡೊಂಬಿವಲಿಯಲ್ಲಿ ಒಬ್ಬನ ಮನೆಯ ತಿಂಡಿ, ವೆಸ್ಟರ್ನ್ ಲೈನಿನ ಕಾಂದಿವಲಿಯಲ್ಲಿ ಇನ್ನೊಬ್ಬಳ ಮನೆಯ ಊಟ ಅಂತ ಒಂದೇ ದಿನಕ್ಕೆ ಒಪ್ಪಿಕೊಂಡರೆ ದಾದರ್‌ಗೆ ಬಂದು, ಆ ಸೇತುವೆಯ ಜಾತ್ರೆಯಲ್ಲಿ ಚೀಲ ಎತ್ತಿಕೊಂಡು ಲೈನ್ ಬದಲಿಸಿ, ಎರಡೂ ಮನೆಯವರ ಮುಖ ಸರಿಯಾಗಿ ನೋಡದೆ ವಾಪಸ್ ಬರುತ್ತೀರಿ. ದಿನಕ್ಕೆ ಒಂದೇ ಲೈನ್ ಇಟ್ಟುಕೊಳ್ಳಿ. ಎಲ್ಲರೂ ಒಟ್ಟಿಗೆ ಸೇರಲೇಬೇಕು ಅಂದರೆ ನಡುವೆ ಬೀಳುವ ಮಾಟುಂಗಾಕ್ಕೆ ಕರೆಯಿರಿ, ಅದರ ಮಾತು ಆಮೇಲೆ.

ಲೈನ್ ಗೊತ್ತಾದ ಮೇಲೆ ರೈಲು ಆರಿಸುವುದು ಸುಲಭ. ಗೆಳೆಯ ಡೊಂಬಿವಲಿಯವನಾದರೆ ಬೆಳಿಗ್ಗೆ ಆರರ ಸುಮಾರಿಗೆ ಹೊರಡುವ ಸಿಂಹಗಡ ಎಕ್ಸ್‌ಪ್ರೆಸ್ ಹಿಡಿದು ಕಲ್ಯಾಣದಲ್ಲಿ ಇಳಿಯಿರಿ, ಅಲ್ಲಿಂದ ಲೋಕಲ್‌ನಲ್ಲಿ ಎರಡೇ ಸ್ಟೇಷನ್. ದಾದರ್ ಕಡೆ ಹೋಗುವವರಿಗೆ 7.15ರ ಡೆಕ್ಕನ್ ಕ್ವೀನ್. 1930ರ ಜೂನ್ 1ರಂದು ಶುರುವಾದ ಗಾಡಿ, ಇವತ್ತಿಗೂ ಅದರಲ್ಲಿ ಕುರ್ಚಿ-ಮೇಜು ಹಾಕಿದ ಊಟದ ಬೋಗಿ ಇದೆ. ಆಮ್ಲೆಟ್ ತಿನ್ನುತ್ತಾ ಘಾಟಿ ಇಳಿಯುವ ಸುಖಕ್ಕಾದರೂ ಒಮ್ಮೆ ಹೋಗಬೇಕು. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ವರ್ಷದ ಕೊನೆಯ ವಾರದ ಸೀಟುಗಳು ಬೇಗ ಖಾಲಿ. ಲೋಣಾವಳಾದವರೆಗೆ ಸ್ವೆಟರ್ ಬೇಕು, ಕರ್ಜತ್‌ನಲ್ಲಿ ಅದು ಮಡಿಲಿಗೆ ಬರುತ್ತದೆ, ದಾದರ್ ಬರುವಷ್ಟರಲ್ಲಿ ಕುತ್ತಿಗೆ ಬೆವರಿರುತ್ತದೆ. ಹಾಗಾಗಿ ಸೂಟ್‌ಕೇಸ್ ಬೇಡವೇ ಬೇಡ. ಬೆನ್ನಿಗೆ ಹಾಕುವ ಒಂದು ಚೀಲ, ಮೂರು ಹತ್ತಿಯ ಅಂಗಿ, ಒಂದು ಟೋಪಿ, ಅಷ್ಟೇ. ಕೆಮ್ಮು-ದಮ್ಮು ಇರುವವರು ಔಷಧಿ ಮರೆಯಬೇಡಿ. ಚಳಿಗಾಲದ ಮುಂಬೈಯಲ್ಲಿ ಬಿಸಿಲಿನ ಜೊತೆ ಹೊಗೆ, ಧೂಳೂ ಜಾಸ್ತಿ.

ಬರಿಗೈಲಿ ಹೋಗುವುದು ಹೇಗೆ, ಅಲ್ವಾ? ಪುಣೆಯ ತಿನಿಸು ಅಂತ ಬಾಕರವಡಿ ಒಯ್ಯಬೇಡಿ, ಅದು ಅವರ ಗಲ್ಲಿಯ ಅಂಗಡಿಯಲ್ಲೇ ಸಿಗುತ್ತದೆ. ಈ ಕಾಲದಲ್ಲಿ ಪುಣೆಯ ಆಸುಪಾಸು ಹುರ್ಡಾ ಬರುತ್ತದಲ್ಲ, ನಮ್ಮ ವಿಜಯಪುರ, ಕಲಬುರಗಿ ಕಡೆಯ ಸೀತನಿ, ಜೋಳದ ಎಳೆ ತೆನೆ, ಅದನ್ನು ಒಯ್ಯಿರಿ. ಬಿಡಿಸಿದ ಕಾಳನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ಬೆವರಿ ಹುಳಿ ವಾಸನೆ ಬರುತ್ತದೆ, ಬಟ್ಟೆಯ ಚೀಲವೇ ಒಳ್ಳೆಯದು. ಹೋದೊಡನೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಶೇಂಗಾ ಹಿಂಡಿ (ಚಟ್ನಿಪುಡಿ), ಸ್ವಲ್ಪ ಬೆಲ್ಲ ಇಟ್ಟುಕೊಡಿ. ಹೋದ ಸಲ ಹಾಗೆ ಮಾಡಿದಾಗ ಗೆಳೆಯನ ಅವ್ವ ಬೊಗಸೆ ತುಂಬ ಹಿಡಿದು ಮೊದಲು ಮೂಸಿ ನೋಡಿದರು. 'ಎಷ್ಟು ವರ್ಷ ಆಗಿತ್ತಪಾ' ಅಂದರು. ಆಮೇಲೆ ಟಿವಿ ಆರಿಸಿ ಊರ ಸುದ್ದಿಗೆ ಕೂತವರು ಹನ್ನೊಂದಾದರೂ ಏಳಲಿಲ್ಲ.

ಮನೆಯ ವಿಚಾರ. ಮುಂಬೈಯಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್ ಅಂದರೆ ಹಾಲ್‌ನಲ್ಲೇ ನಿಮ್ಮ ಹಾಸಿಗೆ. ನಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ, ಬೆಳಿಗ್ಗೆ ಬಾತ್‌ರೂಮ್ ಯಾರಿಗೆ ಮೊದಲು ಬೇಕು ಅಂತ ರಾತ್ರಿಯೇ ಕೇಳಿಕೊಂಡುಬಿಡಿ. ಅವರು 8.12ರ ಫಾಸ್ಟ್ ಲೋಕಲ್ ಹಿಡಿಯುವವರು, ನೀವು ರಜೆಯಲ್ಲಿರುವವರು. ಸ್ಟೇಷನ್ನಿಗೆ ಕರೆಯಲು ಬರುತ್ತೇನೆ ಅಂದರೆ ಬೇಡ ಅನ್ನಿ.

ಇನ್ನು ಲೋಕಲ್. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ, ಸಂಜೆ ಐದರಿಂದ ಒಂಬತ್ತರವರೆಗೆ ಚೀಲ ಹಿಡಿದು ಹತ್ತುವ ಸಾಹಸ ಬೇಡ. ಕಾಂದಿವಲಿಗೆ ಹೋಗಲು ಸಂಜೆಯ ವಿರಾರ್ ಫಾಸ್ಟ್ ಹತ್ತಲೇಬೇಡಿ, ಮುಂದೆ ವಿರಾರ್‌ವರೆಗೆ ಹೋಗುವವರು ಇಳಿಯಲು ಬಿಡುವುದಿಲ್ಲ. ಭಾನುವಾರ ಹೊರಡುವ ಮುಂಚೆ ಮೆಗಾ ಬ್ಲಾಕ್ ಯಾವ ಲೈನಿನಲ್ಲಿದೆ ನೋಡಿ, ರಿಪೇರಿಗೆಂದು ಗಂಟೆಗಟ್ಟಲೆ ಗಾಡಿ ನಿಲ್ಲಿಸುತ್ತಾರೆ. ಜನವರಿಯ ಮೂರನೆಯ ಭಾನುವಾರ ಸಾಮಾನ್ಯವಾಗಿ ಮ್ಯಾರಥಾನ್ ಇರುತ್ತದೆ, ಅವತ್ತು ಬೆಳಿಗ್ಗೆ ದಕ್ಷಿಣ ಮುಂಬೈಯಲ್ಲಿ ಟ್ಯಾಕ್ಸಿಯ ಆಸೆ ಬಿಡಿ. ಎಲಿಫೆಂಟಾ ಗುಹೆಗಳು ಸೋಮವಾರ ಬಂದ್.

ಒಂದು ದಿನ ಹಾರ್ಬರ್ ಲೈನಿಗೆ ಕೊಡಿ ಅನ್ನುವುದು ನನ್ನ ಸಲಹೆ. ಶಿವಡಿಯ ಕೆಸರು ದಡಕ್ಕೆ ಚಳಿಗಾಲದಲ್ಲಿ ಸಾವಿರಾರು ಫ್ಲೆಮಿಂಗೊ ಬರುತ್ತವೆ. ಸುಮ್ನೆ ಹೋದರೆ ದೂರದಲ್ಲಿ ಗುಲಾಬಿ ಗೆರೆ ಮಾತ್ರ ಕಂಡೀತು. ಉಬ್ಬರ-ಇಳಿತದ ಸಮಯ ಮೊಬೈಲಿನಲ್ಲಿ ನೋಡಿಕೊಂಡು ನೀರು ಏರತೊಡಗಿದಾಗ ಹೋಗಿ, ಕೆಸರು ಮುಳುಗುತ್ತಾ ಬಂದಂತೆ ಹಕ್ಕಿಗಳು ದಡದ ಹತ್ತಿರಕ್ಕೆ ಸರಿಯುತ್ತವೆ. ಅಲ್ಲಿಂದ ಗೋರೆಗಾಂವ್ ಕಡೆಯ ಲೋಕಲ್ ಹತ್ತಿದರೆ ವಡಾಳಾ ಆದಮೇಲೆ ಕಿಂಗ್ಸ್ ಸರ್ಕಲ್. ಇಳಿದು ನಡೆದರೆ ಮಾಟುಂಗಾ, ಹೂವಿನ ಅಂಗಡಿ, ಫಿಲ್ಟರ್ ಕಾಫಿ, ಕಿವಿಗೆ ಕನ್ನಡ-ತುಳು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲೇ, ಏನಾದರೂ ಕಾರ್ಯಕ್ರಮ ಇದೆಯೇ ವಿಚಾರಿಸಿ. ಊಟಕ್ಕೆ ಮಾಟುಂಗಾ ಸ್ಟೇಷನ್ ಪಕ್ಕದ ರಾಮಾ ನಾಯಕ್ ಹೋಟೆಲ್, 1942ರಿಂದ ಬಾಳೆಲೆ ಊಟ. ರಜಾದಿನ ಕ್ಯೂ ಉದ್ದ, ಬೇಗ ಹೋಗಿ.

ಬೇರೆ ಕಡೆಯಿಂದ ಬರುವ ಗೆಳೆಯರಿಗೆ ಒಂದು ಮಾತು ಸ್ಪಷ್ಟ ಹೇಳಿ. ಮಾಟುಂಗಾ ಬೇರೆ, ಮಾಟುಂಗಾ ರೋಡ್ ಬೇರೆ. ಮೊದಲನೆಯದು ಸೆಂಟ್ರಲ್, ಎರಡನೆಯದು ವೆಸ್ಟರ್ನ್. ನಾನು ಒಂದು ಸ್ಟೇಷನ್ನಿನಲ್ಲಿ, ಗೆಳತಿ ಇನ್ನೊಂದರಲ್ಲಿ, ಇಬ್ಬರೂ 'ಬುಕಿಂಗ್ ಕಿಟಕಿ ಮುಂದೇ ಇದ್ದೇನೆ' ಅಂತ ಮುಕ್ಕಾಲು ತಾಸು ಜಗಳ ಆಡಿದ್ದೇವೆ. ಕೊನೆಗೆ ಎರಡೂ ಸ್ಟೇಷನ್ ಸೇರಿಸುವ ಝಡ್ ಸೇತುವೆ ದಾಟಿ ಅವಳೇ ಬಂದಳು, ಊಟದ ಬಿಲ್ಲು ನಾನು ಕೊಟ್ಟೆ.

ವಾಪಸಿಗೆ ಸಂಜೆ 5.10ಕ್ಕೆ ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಡೆಕ್ಕನ್ ಕ್ವೀನ್. ಸ್ವೆಟರನ್ನು ಚೀಲದ ತಳಕ್ಕೆ ಹಾಕಬೇಡಿ. ಕರ್ಜತ್ ದಾಟಿ ಘಾಟಿ ಏರಿದ ಕೂಡಲೇ ಬಾಗಿಲ ಸಂದಿಯಿಂದ ಗಾಳಿ ನುಗ್ಗುತ್ತದೆ, ಆಗ ಅದನ್ನು ಹುಡುಕುತ್ತಾ ಖಾಲಿ ಹಿಂಡಿ ಡಬ್ಬಿಯನ್ನೆಲ್ಲ ಪಕ್ಕದವರ ಮಡಿಲಿಗೆ ಸುರಿಯಬೇಕಾಗುತ್ತದೆ.